ಮೂರನೇ ರಿಂಗಿಗೆ ಎತ್ತಿದ ಫೋನು

ರಾತ್ರಿ ಎಂಟೂವರೆಗೆ ಹಾಸ್ಟೆಲ್ ಕೋಣೆಯಲ್ಲಿ ಫೋನ್ ರಿಂಗಾದರೆ ಹೆಸರು ನೋಡಬೇಕಾಗಿಲ್ಲ, ಹಾರವಾಡದಿಂದ ಅಮ್ಮ. ‘ಊಟ ಆಯ್ತಾ?’ ‘ಹ್ಞೂಂ.’ ‘ಏನು ಸಾರು?’ ‘ಎಂಥದೋ ಒಂದು. ಓದೋದಿದೆ, ಇಡ್ತೇನೆ.’ ಕಳೆದ ಸೆಮಿಸ್ಟರಿನಲ್ಲಿ ಗಣಿತ ಪೇಪರು ಬಾಕಿ ಉಳಿದ ಮೇಲೆ ನಮ್ಮ ಮಾತುಕತೆ ಇಷ್ಟೇ ಆಗಿತ್ತು. ಫೇಲಾದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಮುಚ್ಚಿಟ್ಟದ್ದು ನಾನು, ಸಿಟ್ಟು ಮಾತ್ರ ಅಮ್ಮನ ಮೇಲೆ.

ಜುಲೈನ ಒಂದು ಭಾನುವಾರ ಗೆಳೆಯರ ಜೊತೆ ಹುಬ್ಬಳ್ಳಿಯಿಂದ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದೆ. ಹೋದದ್ದು ಮೊಮೊ ತಿನ್ನಲು, ಫೋಟೊ ತೆಗೆಯಲು, ಧ್ಯಾನಕ್ಕಲ್ಲ. 1966ರಲ್ಲಿ ಶುರುವಾದ ಈ ಕಾಲೊನಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದ್ದರೂ ನಾನು ನೋಡಿದ್ದು ಅದೇ ಮೊದಲು. ಪ್ರಾರ್ಥನಾ ಮಂದಿರದಲ್ಲಿ ವಯಸ್ಸಾದ ಭಿಕ್ಷುವೊಬ್ಬರು ಬುದ್ಧನ ಮುಂದಿಟ್ಟ ನೀರಿನ ಬಟ್ಟಲುಗಳನ್ನು ಬರಿದು ಮಾಡಿ ಒಂದೊಂದಾಗಿ ಒರೆಸುತ್ತಿದ್ದರು. ಅವಸರವೇ ಇಲ್ಲ. ನಾವು ಗಲಾಟೆ ಮಾಡಿಕೊಂಡು ಒಳಬಂದಾಗ ತಲೆಯೆತ್ತಿ ನಕ್ಕು, ಮತ್ತೆ ಬಟ್ಟಲಿನ ಕಡೆ ತಿರುಗಿದರು.

ಆ ನೋಟ ನನ್ನನ್ನು ಬಿಡಲಿಲ್ಲ. ವಾಪಸ್ ಬಂದು ಓದಲು ಕುಳಿತೆ (ಗಣಿತವನ್ನಲ್ಲ!). ಬೌದ್ಧರು ಇಂಥ ಎಚ್ಚರಕ್ಕೆ ಪಾಲಿಯಲ್ಲಿ ‘ಸತಿ’ ಎನ್ನುತ್ತಾರೆ. ನಮ್ಮ ‘ಸ್ಮೃತಿ’ಯೇ ಅದು. ನಡೆಯುವಾಗ, ಉಣ್ಣುವಾಗ, ಮಾತಾಡುವಾಗಲೂ ಅದಿರಬೇಕೆಂದು ಸತಿಪಟ್ಠಾನ ಸುತ್ತ ಹೇಳುತ್ತದೆ. ವಿಯೆಟ್ನಾಂನ ಭಿಕ್ಷು ತಿಕ್ ನಾತ್ ಹಾನ್ ಇದನ್ನು ಫೋನಿಗೂ ತಂದರು: ರಿಂಗಾದ ಕೂಡಲೇ ಕೈ ಹಾಕಬೇಡಿ, ಅದನ್ನು ಗಂಟೆಯ ಸದ್ದು ಎಂದುಕೊಂಡು ಉಸಿರನ್ನು ಗಮನಿಸಿ, ಆಮೇಲೆ ಎತ್ತಿ.

ಮಾಡಿ ನೋಡಿದೆ. ಎರಡು ಉಸಿರಿನೊಳಗೆ ಮನಸ್ಸು ಲ್ಯಾಬ್ ರೆಕಾರ್ಡಿಗೆ ಹಾರುತ್ತಿತ್ತು. ಒಮ್ಮೆ ಕಾಲ್ ಕಟ್ಟೇ ಆಯಿತು. ಮೈತ್ರಿ ಧ್ಯಾನವಂತೂ ನಗು ತರಿಸಿತು. ಮೊದಲು ತನಗೆ ತಾನೇ ಒಳಿತು ಬಯಸಬೇಕಂತೆ. ಫೇಲಾದವರಿಗೆ ಎಂಥ ಒಳಿತು!

ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಅಪ್ಪ ಬೋಟಿಗೆ ಹೋದ. ಅದಾಗಿ ಕೆಲವೇ ದಿನಕ್ಕೆ, ಒಂದು ರಾತ್ರಿ ಮೂರನೇ ರಿಂಗಿಗೆ ಫೋನೆತ್ತಿದೆ. ಅದೇ ‘ಊಟ ಆಯ್ತಾ?’ ಆದರೆ ಈ ಸಲ ಜೊತೆಗೆ ಕಡಲೂ ಕೇಳಿಸಿತು. ನಮ್ಮ ಮನೆಗೂ ತೆರೆಗೂ ನಡುವೆ ಈಗ ಉಳಿದಿರುವುದು ನಾಲ್ಕು ತೆಂಗಿನಮರ.

‘ಅಮ್ಮ, ಹೊರಗೆ ನಿಂತಿದ್ದೀಯಾ?’

ಸ್ವಲ್ಪ ಹೊತ್ತು ಮಾತಿಲ್ಲ. ‘ತೆರೆ ಜೋರಿದೆ. ಒಬ್ಬಳೇ ಇದ್ರೆ ನಿದ್ದೆ ಬರೂದಿಲ್ಲ. ನಿನ್ನ ದನಿ ಕೇಳಿದ್ರೆ ಧೈರ್ಯ.’

ಎಷ್ಟು ರಾತ್ರಿ ಆ ಧೈರ್ಯವನ್ನು ‘ಇಡ್ತೇನೆ’ ಎಂದು ಕತ್ತರಿಸಿದ್ದೆನೋ. ಅಂದು ತುಂಬ ಹೊತ್ತು ಮಾತಾಡಿದೆವು. ಕೊನೆಗೆ ಗಣಿತದ ಸಂಗತಿಯನ್ನೂ ಹೇಳಿಬಿಟ್ಟೆ.

‘ಗೊತ್ತಿತ್ತು’ ಎಂದಳು ಅಮ್ಮ. ‘ನೀನು ಮಾರ್ಕ್ಸ್ ಹೇಳದೆ ಇದ್ದಾಗ್ಲೇ ಗೊತ್ತಾಯ್ತು. ಈಗ ಊಟ ಆಯ್ತಾ ಇಲ್ವಾ, ಅದನ್ನ ಹೇಳು.’