ಅಂಗಿ ಬಣ್ಣ ಬದಲಿಸುತ್ತಿಲ್ಲವೇ? ಅಂಗಡಿಯವರನ್ನು ಬೈಯುವ ಮುನ್ನ...

‘ಅವ್ವಾ, ನನ್ನ ಅಂಗಿ ಬಣ್ಣ ಬದಲಾಗವಲ್ದು!’ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಗ ಅಳುತ್ತಾ ಬಂದು ನಿಂತ. ಕೈ ಇಟ್ಟ ಕಡೆ ನೇರಳೆ ಹೋಗಿ ಗುಲಾಬಿ ಆಗುವ ಟೀ ಶರ್ಟ್ ಅದು. ಹುಟ್ಟುಹಬ್ಬಕ್ಕೆಂದು ಹಟ ಹಿಡಿದು ಕೊಡಿಸಿಕೊಂಡಿದ್ದ. ಈಗ ನೋಡಿದರೆ ಬೆಳಿಗ್ಗೆಯಿಂದ ಬರೀ ಗುಲಾಬಿ. ಮೋಸ ಹೋದೆವು ಅಂತ ಅದನ್ನು ಚೀಲಕ್ಕೆ ತುರುಕಿಕೊಂಡು ಅಂಗಡಿಗೆ ಹೊರಟೇಬಿಟ್ಟಿದ್ದೆ. ಅತ್ತೆ ತಡೆದರು. ‘ಒಮ್ಮೆ ಹರವಿ ನೀರಾಗ ಅದ್ದಿ ನೋಡವಾ.’ ಅದ್ದಿದ್ದೇ ತಡ, ನೇರಳೆ ಮರಳಿ ಬಂತು!

ಆಗಿದ್ದು ಇಷ್ಟೇ. ಇಂಥ ಬಟ್ಟೆ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಣ್ಣ ಬದಲಿಸುತ್ತದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಬೇಸಿಗೆಯಲ್ಲಿ ಮನೆಯೊಳಗೇ ಅದಕ್ಕಿಂತ ಹೆಚ್ಚು ಸೆಕೆ. ಕೈ ಮುಟ್ಟುವ ಮೊದಲೇ ಅಂಗಿ ಬದಲಾಗಿ ಕೂತಿರುತ್ತದೆ.

ಬಣ್ಣ ಬದಲಿಸುವ ಬಟ್ಟೆ ನಮಗೇನೂ ಹೊಸದಲ್ಲ ಬಿಡಿ. ಹಾಸಿಗೊಂದು, ಹೊಕ್ಕಿಗೊಂದು ಬಣ್ಣದ ನೂಲು ಹಾಕಿ ನೇಯ್ದ ಸೀರೆ, ನೆರಿಗೆ ಆಡಿದಂತೆ ಬೇರೆ ಬೇರೆ ಬಣ್ಣ ಕಾಣುವುದು ಮಗ್ಗಗಳ ಊರಾದ ಬೆಟಗೇರಿಯವರಿಗೆ ಗೊತ್ತಿದ್ದದ್ದೇ. ಅದು ಬೆಳಕಿನ ಆಟ. ಈ ಅಂಗಿಯ ಗುಟ್ಟು ಬೇರೆ.

ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳಿಗೆಗಳು ಬಟ್ಟೆಗೆ ಅಂಟಿರುತ್ತವೆ. ಒಳಗೆ ‘ಲ್ಯೂಕೋ’ ಎಂಬ ಜಾತಿಯ ಬಣ್ಣ, ಸೌಮ್ಯ ಆಮ್ಲ, ಮೇಣದಂಥ ಜಿಡ್ಡು. ತಂಪಿದ್ದಾಗ ಜಿಡ್ಡು ಗಟ್ಟಿಯಾಗಿರುತ್ತದೆ, ಬಣ್ಣವೂ ಆಮ್ಲವೂ ಕೂಡಿಕೊಂಡು ನೀಲಿ ಕಾಣುತ್ತದೆ. ಬಿಸಿಗೆ ಜಿಡ್ಡು ತುಪ್ಪದಂತೆ ಕರಗಿತೋ, ಅವೆರಡೂ ಬೇರೆಯಾಗಿ ನೀಲಿ ಮಾಯ! ಬಟ್ಟೆಯ ಗುಲಾಬಿಯಷ್ಟೇ ಉಳಿಯುತ್ತದೆ. ಗುಲಾಬಿಗೆ ನೀಲಿ ಸೇರಿದ್ದರಿಂದಲೇ ಮೊದಲು ನೇರಳೆ ಕಂಡಿದ್ದು. ತಣ್ಣಗಾದರೆ ಮತ್ತೆ ಮೊದಲಿನಂತೆ.

1991ರಲ್ಲಿ ಅಮೆರಿಕದ ಸಿಯಾಟಲ್‌ನ ಜೆನೆರಾ ಕಂಪನಿ ‘ಹೈಪರ್‌ಕಲರ್’ ಹೆಸರಿನಲ್ಲಿ ಇಂಥ ಅಂಗಿ ತಂದಾಗ ಹುಡುಗರು ಮುಗಿಬಿದ್ದಿದ್ದರು. ಆದರೆ ಬಿಸಿನೀರಿಗೆ ಬಿದ್ದ ಅಂಗಿ ಬಣ್ಣ ಬದಲಿಸುವುದನ್ನೇ ಮರೆಯುತ್ತಿತ್ತು. ಕಂಕುಳ ಬಿಸಿ ಊರಿಗೆಲ್ಲ ಕಾಣುತ್ತಿತ್ತು, ಅದು ಬೇರೆ ಮಾತು!

ಹಾಗಾಗಿ ತಣ್ಣೀರಿನಲ್ಲೇ ಒಗೆಯಿರಿ. ಬಿಳಿ ಬಟ್ಟೆಗಳ ಜೊತೆ ಸೋಡಾ ಹಾಕಿ ಕುದಿಸಬೇಡಿ, ಬ್ಲೀಚ್ ಮುಟ್ಟಿಸಬೇಡಿ, ಕಲ್ಲಿಗೆ ಬಡಿಯುವುದೂ ಬೇಡ. ಬಿಸಿಲು ಈ ಬಣ್ಣಕ್ಕೆ ಶತ್ರು, ನೆರಳಿನಲ್ಲಿ ಒಣಹಾಕಿ. ಇಸ್ತ್ರಿ ಬೇಕೇ ಬೇಕೆಂದರೆ ಒಳಮೈ ಹೊರಗೆ ಮಾಡಿ, ಹದ ಬಿಸಿಯಲ್ಲಿ. ಇನ್ನೊಂದು ಮಾತು. ಅಂಗಿ ಬಣ್ಣ ನೋಡಿ ಮಗುವಿನ ಜ್ವರ ಅಳೆಯಬೇಡಿ. ಬಿಸಿಲಿಗೂ ಅದು ಹಾಗೇ ಆಗುತ್ತದೆ. ಥರ್ಮಾಮೀಟರ್ ಇಟ್ಟೇ ನೋಡಿ.

ಅಂಗಿ ಕೆಟ್ಟಿದೆ ಎಂಬ ಅನುಮಾನ ಬಂದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಆಗಲೂ ಬಣ್ಣ ಮರಳದಿದ್ದರೆ ಅಂಗಡಿಗೆ ಹೋಗಿ ಕೇಳಿ. ಅದಕ್ಕೂ ಮೊದಲು, ಅದನ್ನು ಬಿಸಿನೀರಿಗೆ ಹಾಕಿದ್ದು ಯಾರು ಅಂತ ಮನೆಯಲ್ಲೇ ಒಮ್ಮೆ ವಿಚಾರಿಸಿಬಿಡಿ!