ಸಭೆ ಕೋಣೆಯ ಯಂತ್ರಕ್ಕೆ ನಿಮ್ಮದೇ ಪಾಠ



ಮಣಿಕೊಂಡದಲ್ಲಿ ಮನೆ, ಪಕ್ಕದ ಗಚ್ಚಿಬೌಲಿಯಲ್ಲೋ ನಾನಕ್‌ರಾಮ್‌ಗುಡದಲ್ಲೋ ಕೆಲಸ ಎನ್ನುವವರಿಗೆ ವಿಡಿಯೋ ಕಾನ್ಫರೆನ್ಸ್ ಕೋಣೆ ಹೊಸದಲ್ಲ. ಹಿಂದಿನ ಸಭೆಯವರು ವಾಲ್ಯೂಮ್ ಪೂರ್ತಿ ಏರಿಸಿ ಹೋಗಿದ್ದರೆ, ನಿಮ್ಮ ಕರೆ ಬಂದೊಡನೆ ಕಿವಿ ಗಡಚಿಕ್ಕುತ್ತದೆ!

ಇದಕ್ಕೆ ಮದ್ದು ಯಂತ್ರದೊಳಗೇ ಇರಬಹುದು. ಸಿಸ್ಕೋ ಕಂಪನಿಯ ರೂಮ್, ಡೆಸ್ಕ್, ಬೋರ್ಡ್ ಸಾಧನಗಳಲ್ಲಿ ‘ಮ್ಯಾಕ್ರೋ’ ಎಂಬ ಸೌಲಭ್ಯವಿದೆ. ಮ್ಯಾಕ್ರೋ ಎಂದರೆ ಜಾವಾಸ್ಕ್ರಿಪ್ಟ್‌ನಲ್ಲಿ ನಾವೇ ಬರೆಯುವ ಪುಟ್ಟ ಪ್ರೋಗ್ರಾಂ. ಅದಕ್ಕೆ ಬೇರೆ ಸರ್ವರ್ ಬೇಡ; ಸಾಧನದೊಳಗೇ ಓಡುತ್ತದೆ. ಬ್ರೌಸರ್‌ನಲ್ಲಿ ಸಾಧನದ ವಿಳಾಸ ಕೊಟ್ಟು ಅಡ್ಮಿನ್ ಆಗಿ ಒಳಹೊಕ್ಕರೆ ಅದನ್ನು ಬರೆಯುವ ಜಾಗ ಸಿಗುತ್ತದೆ.

ಅದರ ತರ್ಕ ಸರಳ: ‘ಇದಾದಾಗ ಅದು ಮಾಡು’. ಕರೆ ಮುಗಿದಾಗ ವಾಲ್ಯೂಮನ್ನು 50ಕ್ಕೆ ತಾ. ಕರೆ ಶುರುವಾದಾಗ ಮೈಕ್ ಮ್ಯೂಟ್ ಮಾಡು. ಟಚ್ ಪರದೆಯಲ್ಲಿ ಹೊಸ ಬಟನ್ ಇಟ್ಟು, ಒತ್ತಿದಾಗ ಏನಾಗಬೇಕೆಂದೂ ಹೇಳಬಹುದು.

ಆದರೆ ಎಚ್ಚರ! ಮ್ಯಾಕ್ರೋಗೆ ಕ್ಯಾಮೆರಾ, ಮೈಕ್, ಕರೆ ಎಲ್ಲದರ ಮೇಲೂ ಹಿಡಿತವಿರುತ್ತದೆ. ಯಾರೋ ಕೊಟ್ಟದ್ದನ್ನು ಸಾಲು ಸಾಲಾಗಿ ಓದದೆ ಹಾಕಬೇಡಿ. ಮೊದಲು ಒಂದೇ ಕೋಣೆಯಲ್ಲಿ ಪರೀಕ್ಷಿಸಿ, ಒಂದು ಪ್ರತಿ ಬೇರೆಡೆ ಇಟ್ಟುಕೊಳ್ಳಿ. ಯಾರು, ಯಾವಾಗ, ಏಕೆ ಬರೆದರು ಎಂಬುದನ್ನು ಮ್ಯಾಕ್ರೋದ ತಲೆಯಲ್ಲೇ ಬರೆದಿಡಿ.

ಬರೆದವರು ಕೆಲಸ ಬಿಟ್ಟು ಹೋದರೂ ಮ್ಯಾಕ್ರೋ ಕೋಣೆಯಲ್ಲೇ ಉಳಿಯುತ್ತದೆ. ಆಗ ಮೈಕ್ ತಾನಾಗಿ ಮ್ಯೂಟ್ ಆಗುವುದನ್ನು ಕಂಡವರು ಯಂತ್ರ ಕೆಟ್ಟಿದೆ ಎಂದೇ ತಿಳಿದಾರು. ನೀವು ಬಿಟ್ಟುಹೋದ ಆ ಎರಡು ಸಾಲಿನ ಟಿಪ್ಪಣಿಯೇ ಅವರಿಗೆ ದಾರಿದೀಪ.