ಕೂದಲೆಳೆಯಷ್ಟು ಸಂದು

ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಕಿವಿಗೊಟ್ಟವರಿಗೆ, ಅದರ ತಲೆಯ ಭಾಗದಿಂದ ಹೊರಡುವ ‘ಟಿಕ್ ಟಿಕ್’ ಸದ್ದು ಪರಿಚಿತವಾದುದೇ. ನನ್ನ ವಿದ್ಯಾರ್ಥಿಯೊಬ್ಬನು ಈ ಸದ್ದನ್ನು ಸಹಿಸಲಾರದೆ, ಮನೆಯ ಅಂಗಳದಲ್ಲಿಯೇ ಸ್ಪ್ಯಾನರ್ ಹಿಡಿದು, ಕವಾಟಗಳ ಮೇಲಿನ ಸ್ಕ್ರೂಗಳನ್ನು ಬಿಗಿಮಾಡಿ ಅದನ್ನು ಅಡಗಿಸಿದನು. ಎಂಜಿನ್ನು ಮೌನವಾಯಿತು, ಆದರೆ ಕೆಲವು ವಾರಗಳಲ್ಲಿ ಅದರ ಬಲವೂ ಕುಂದಿತು. ಬಿಚ್ಚಿ ನೋಡಿದಾಗ ಒಂದು ಕವಾಟದ ಅಂಚು ಸುಟ್ಟುಹೋಗಿತ್ತು. ಹಾಗಾದರೆ ಅವನು ಮಾಡಿದ ತಪ್ಪೇನು?

ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಇಂಧನ ಮಿಶ್ರಿತ ಗಾಳಿಯನ್ನು ಒಳಗೆ ಬಿಡಲು ಪ್ರವೇಶ ಕವಾಟವೂ, ಉರಿದ ಅನಿಲವನ್ನು ಹೊರಗೆ ಕಳುಹಿಸಲು ನಿರ್ಗಮ ಕವಾಟವೂ ಇರುತ್ತವೆ. (ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ದಿ ಬಂಡಿಗಳು ಎರಡು ಹೊಡೆತದವು, ಅವುಗಳಲ್ಲಿ ಇಂಥ ಕವಾಟಗಳೇ ಇರಲಿಲ್ಲ.) ರಾಕರ್ ಎಂಬ ಪುಟ್ಟ ಸನ್ನೆಯು ಕವಾಟವನ್ನು ಒತ್ತಿ ತೆರೆಯುತ್ತದೆ, ಸುರುಳಿ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚಬೇಕು.

ಕವಾಟವು ಮುಚ್ಚಿರುವಾಗ ಅದರ ತುದಿಗೂ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದನ್ನು ಬೇಕೆಂದೇ ಬಿಟ್ಟಿರುತ್ತಾರೆ. ರೈಲುಕಂಬಿಗಳ ಜೋಡಣೆಯಲ್ಲಿ ಬಿಡುವ ಸಂದನ್ನು ನೆನೆದರೆ ಕಾರಣವು ತಾನೇ ಹೊಳೆಯುತ್ತದೆ. ಉಷ್ಣತೆ ಒಂದು ಸೆಂಟಿಗ್ರೇಡ್ ಡಿಗ್ರಿ ಏರಿದರೆ ಉಕ್ಕು ತನ್ನ ಉದ್ದದ ಸುಮಾರು 0.000012 ಭಾಗದಷ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ಉದ್ದದ ಕವಾಟವು ಸರಾಸರಿ 400 ಡಿಗ್ರಿ ಕಾದರೆ 0.38 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಸುತ್ತಲಿನ ಲೋಹವೂ ಕಾದು ಹಿಗ್ಗುವುದರಿಂದ ಸಂದಿನಲ್ಲಾಗುವ ವ್ಯತ್ಯಾಸವು ಇಷ್ಟೇ ಆಗಿರದು.

ಸಂದು ಸಾಲದಿದ್ದರೆ, ಕಾದು ಬೆಳೆದ ಕವಾಟವು ತನ್ನ ಪೀಠದ ಮೇಲೆ ಪೂರ್ಣವಾಗಿ ಕೂರಲಾರದು. ನಿರ್ಗಮ ಕವಾಟಕ್ಕೆ ಇದು ಮಾರಕ. ಅದರ ಶಾಖವು ಬಹುಮಟ್ಟಿಗೆ ಪೀಠದ ಮೂಲಕವೇ ಹೊರಹೋಗಬೇಕು. ಆ ಸ್ಪರ್ಶ ತಪ್ಪಿದರೆ, ಉರಿಯುವ ಅನಿಲವು ಅಂಚಿನಲ್ಲಿ ನುಗ್ಗಿ ಅದನ್ನು ಸುಡುತ್ತದೆ. ನಮ್ಮ ವಿದ್ಯಾರ್ಥಿಯ ಬಂಡಿಯಲ್ಲಿ ಆದುದು ಇದೇ. ಸಂದು ಹೆಚ್ಚಾದರೆ ಸದ್ದು ಏರಿ, ಭಾಗಗಳು ಸವೆದು, ಕವಾಟವು ಸಾಕಷ್ಟು ತೆರೆಯದೆ ಹೋಗುತ್ತದೆ.

ಈ ಸಂದನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಬೇಕಾದ ಮುಖ್ಯ ಉಪಕರಣ ಫೀಲರ್ ಗೇಜ್: ಬೀಸಣಿಗೆಯಂತೆ ಬಿಚ್ಚಿಕೊಳ್ಳುವ, ದಪ್ಪವನ್ನು ಕೆತ್ತಿರುವ ಉಕ್ಕಿನ ತೆಳುಪಟ್ಟಿಗಳ ಕಟ್ಟು. ಜೊತೆಗೆ ನಟ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್, ಸ್ಕ್ರೂವನ್ನು ಹಿಡಿಯುವ ಸಾಧನ ಮತ್ತು ಬಂಡಿಯ ಕೈಪಿಡಿ ಇರಬೇಕು. ಒಂದು ಎಂಜಿನ್ನಿನ ಅಳತೆ ಇನ್ನೊಂದಕ್ಕೆ ಸಲ್ಲದು. ಬಿಲ್ಲೆಗಳನ್ನು ಬದಲಿಸಿ ಸಂದು ಹೊಂದಿಸುವ ಎಂಜಿನ್ನುಗಳೂ, ಎಣ್ಣೆಯ ಒತ್ತಡದಿಂದ ತಾವೇ ಹೊಂದಿಕೊಳ್ಳುವವೂ ಉಂಟು. ಅವುಗಳಿಗೆ ಈ ಕ್ರಮವು ಅನ್ವಯಿಸದು.

ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನಲ್ಲಿಯೇ ಕೆಲಸ ಆರಂಭಿಸಬೇಕು. ಸ್ಪಾರ್ಕ್ ಪ್ಲಗ್ಗನ್ನು ತೆಗೆದರೆ ಒಳಗಿನ ಗಾಳಿಯ ತಡೆಯಿಲ್ಲದೆ ಎಂಜಿನ್ನು ಸುಲಭವಾಗಿ ತಿರುಗುತ್ತದೆ. ಕವಾಟಗಳ ಮೇಲಿನ ಮುಚ್ಚಳ ತೆಗೆದು, ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲಿಯೇ ತಿರುಗಿಸಿರಿ. ಪ್ರವೇಶ ಕವಾಟವು ತೆರೆದು ಮುಚ್ಚಿದ ಬಳಿಕ ಪಿಸ್ಟನ್ನು ತುತ್ತತುದಿಗೆ ಬಂದಾಗ ನಿಲ್ಲಿಸಿರಿ. ಹಲವು ಬಂಡಿಗಳಲ್ಲಿ ಇದಕ್ಕೆ ‘ಟಿ’ ಗುರುತು ಇರುತ್ತದೆ. ಆಗ ಎರಡು ಕವಾಟಗಳೂ ಮುಚ್ಚಿರುತ್ತವೆ. ಕೈಪಿಡಿ ಹೇಳಿದ ದಪ್ಪದ ಪಟ್ಟಿಯು ಸಂದಿನಲ್ಲಿ ನವಿರಾದ ಹಿಡಿತದೊಡನೆ ಜಾರಬೇಕು. ಅದಕ್ಕಿಂತ ದಪ್ಪನೆಯ ಮುಂದಿನ ಪಟ್ಟಿ ಹೋಗಬಾರದು.

ಹಾಗಿಲ್ಲದಿದ್ದರೆ ಬಿಗಿನಟ್ಟನ್ನು ಸಡಿಲಿಸಿ ಸ್ಕ್ರೂವನ್ನು ತಿರುಗಿಸಿರಿ. ಅದರ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಚಲನೆಯೆಂದಾದರೆ, ಐದನೆಯ ಒಂದು ಸುತ್ತಿಗೇ 0.1 ಮಿಲಿಮೀಟರ್ ಬದಲಾಗುತ್ತದೆ! ಸ್ಕ್ರೂ ಅಲುಗದಂತೆ ಹಿಡಿದು ನಟ್ಟನ್ನು ಬಿಗಿಮಾಡಿರಿ. ಬಿಗಿಯುವಾಗಲೇ ಅಳತೆ ತಪ್ಪುವುದು ಸಾಮಾನ್ಯವಾದುದರಿಂದ ಎಂಜಿನ್ನನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಬೇಕು.

ನಮ್ಮ ವಿದ್ಯಾರ್ಥಿಯು ಹೊಸ ಕವಾಟವನ್ನು ಕೂರಿಸಿದ ಮೇಲೆ ಮೊದಲು ಕೊಂಡದ್ದು ಫೀಲರ್ ಗೇಜ್. ಅವನ ಬಂಡಿಯಲ್ಲಿ ಈಗ ಮೆಲುವಾದ ‘ಟಿಕ್ ಟಿಕ್’ ಕೇಳಿಸುತ್ತದೆ. ಅದನ್ನು ಅಡಗಿಸುವ ಯೋಚನೆ ಅವನಿಗಿಲ್ಲ.